ವಸ್ತ್ರದ ಮರೆಯ ಸವಾಲು

ನಾವು ಸವಾಲು ಅನ್ನುತ್ತೇವೆ, ನೆರೆಮನೆಯವರು ವೇಲಂ ಅನ್ನುತ್ತಾರೆ. 1956ಕ್ಕೆ ಮೊದಲು ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ಜಹೀರಾಬಾದ್, ನಾರಾಯಣಖೇಡಗಳು ಬೀದರಿಗೆ ಸೇರಿದ್ದವು. ಸೀಮೆ ಬದಲಾದರೂ ತೊಗರಿ ರಾಶಿಯ ಸುತ್ತ ನಿಲ್ಲುವವರು ಅವರೇ: ರೈತ, ಅಡತ್ಯಾ, ಖರೀದಿದಾರ.

ಹಿಂದೆ ದೇಶದ ಎಷ್ಟೋ ದವಸದ ಪೇಟೆಗಳಲ್ಲಿ ಸವಾಲಿಗೆ ಕೂಗೇ ಇರಲಿಲ್ಲ. ದಲಾಲಿ ಕೈಮೇಲೆ ವಸ್ತ್ರ ಹೊದೆಯುತ್ತಿದ್ದ. ಖರೀದಿದಾರ ಅದರೊಳಗೆ ಕೈಯಿಟ್ಟು, ಬೆರಳು ಒತ್ತಿ ದರ ತಿಳಿಸುತ್ತಿದ್ದ. ಒಬ್ಬನ ದರ ಇನ್ನೊಬ್ಬನಿಗೆ ತಿಳಿಯದು. ಪಕ್ಕದಲ್ಲೇ ನಿಂತ ಮಾಲಿನ ಒಡೆಯನಿಗಂತೂ ತಿಳಿಯದು! ದಲಾಲಿಯ ಮರ್ಯಾದೆಯೆಲ್ಲ ದಿನಾ ಬರುವ ಖರೀದಿದಾರನಿಗೆ. ರೈತ ಬರುವುದು ಸುಗ್ಗಿಗೊಮ್ಮೆ, ಅದೂ ಎಷ್ಟೋ ಸಲ ಅದೇ ಅಡತಿಯ ಸಾಲ ಹೊತ್ತು. ಅಂಥವನು ದರ ಕೇಳುವುದು ಹೇಗೆ?

1928ರಲ್ಲಿ ಕೃಷಿಯ ರಾಯಲ್ ಕಮಿಷನ್ ನಿಯಂತ್ರಿತ ಮಾರುಕಟ್ಟೆ ಬೇಕೆಂದಿತು. ನಿಜಾಮ ಸರಕಾರ 1339 ಫಸಲಿಯಲ್ಲಿ, ಅಂದರೆ 1930ರಲ್ಲಿ, ಮಾರುಕಟ್ಟೆ ಕಾಯಿದೆ ತಂದಿತು. 1966ರಲ್ಲಿ ಆಂಧ್ರಪ್ರದೇಶಕ್ಕೂ ಮೈಸೂರು ರಾಜ್ಯಕ್ಕೂ ಬೇರೆ ಬೇರೆ ಕಾಯಿದೆಗಳಾದವು.

ಬ್ಯಾಂಕಿನಲ್ಲಿ ಒಡವೆ ಸವಾಲಿನ ಕಾಗದ ಬರೆದವನು ನಾನು, ಒಂದು ಕಲಮು ಹೇಳಿಯೇಬಿಡುತ್ತೇನೆ. 1930ರ ಸರಕು ಮಾರಾಟ ಕಾಯಿದೆಯ 64ನೇ ಕಲಮಿನಂತೆ, ಸವಾಲು ಮುಗಿಯಿತೆಂದು ಸಾರುವ ತನಕ ಕೂಗಿದವನು ತನ್ನ ಕೂಗು ಹಿಂದೆ ಪಡೆಯಬಹುದು. ದರ ಏರಿಸಲು ಮಾರುವವನು ಸುಳ್ಳು ಕೂಗು ಹಾಕಿಸಿದರೆ ಕೊಂಡವನು ಆ ವ್ಯಾಪಾರವನ್ನೇ ರದ್ದು ಮಾಡಬಹುದು. ಕೊಳ್ಳುವವನಿಗೆ ಇಷ್ಟು ರಕ್ಷಣೆ. ಖರೀದಿದಾರರೇ ಒಳಗೊಳಗೆ ಒಂದಾಗಿ ದರ ಇಳಿಸಿದರೆ ರೈತನಿಗೇನು ಗತಿ ಎಂಬುದು ಆ ಕಲಮಿನಲ್ಲಿಲ್ಲ.

2016ರ ಏಪ್ರಿಲ್ 14ರಂದು ಇ-ನಾಮ್ ಆರಂಭವಾಯಿತು. ಅಲ್ಲಿ ಖರೀದಿದಾರ ಫೋನಿನಲ್ಲೇ ದರ ಒತ್ತುತ್ತಾನೆ, ಮತ್ತೆ ಬೆರಳೇ! ಆದರೆ ಬಂದ ದರ ಒಪ್ಪದಿದ್ದರೆ ರೈತ ಮಾಲು ಕೊಡುವುದಿಲ್ಲ ಎನ್ನಬಹುದು.