ಮನೆಯ ಅಳತೆಯ ದೋಣಿ

ಕರಾವಳಿಯ ದೋಣಿ ಕಟ್ಟುವವರ ಕುರಿತು ಸಂಶೋಧನೆಗೆ ತೊಡಗಿದ ಹೊಸತು. ನಮ್ಮೂರಿನ ಹಿರಿಯ ಆಚಾರಿಯೊಬ್ಬರ ಜಗಲಿಯಲ್ಲಿ ನೋಟ್‌ಬುಕ್ ಹಿಡಿದು ಕೂತಿದ್ದೆ. ‘ಆಚಾರ್ರೇ, ಒಂದು ಸಣ್ಣ ದೋಣಿ ಕಟ್ಟಬೇಕಾದರೆ ಎಲ್ಲಿಂದ ಶುರು ಮಾಡ್ತೀರಿ?’ ಎಂದು ಕೇಳಿದೆ. ಮರ, ಉಳಿ, ಮುಹೂರ್ತ ಏನಾದರೂ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ತಿರುಗಿ ನನ್ನನ್ನೇ ಕೇಳಿದರು: ‘ಯಾವ ನೀರಿಗೆ? ಹೊಳೆಗೋ, ಕಡಲಿಗೋ? ಎಷ್ಟು ಜನ ಕೂರಬೇಕು? ಹಾಯಿ ಕಟ್ಟುದೋ, ಹುಟ್ಟು ಹಾಕುದೋ?’ ಉತ್ತರ ನನ್ನಲ್ಲಿರಲಿಲ್ಲ. ‘ಅದನ್ನು ತಿಳ್ಕೊಂಡು ಬಾ ಮಗಾ, ಆಮೇಲೆ ಮರದ ಮಾತು’ ಎಂದು ನಕ್ಕರು.

ಆಮೇಲೆ ಯುರೋಪಿನ ಸಣ್ಣ ದೋಣಿಗಳ ಚರಿತ್ರೆ ಓದುವಾಗ ಅವರು ಕೇಳದೆ ಬಿಟ್ಟ ಇನ್ನೊಂದು ಪ್ರಶ್ನೆ ಎದುರಾಯಿತು: ನಿನ್ನ ಮನೆ ಎಷ್ಟು ದೊಡ್ಡದು? ಅವರು ಅದನ್ನು ಕೇಳುವ ಅಗತ್ಯವಿರಲಿಲ್ಲ. ನಮ್ಮ ಕಡೆ ದೋಣಿ ಹುಟ್ಟುವುದು ಹೊಳೆದಂಡೆಯ ಚಪ್ಪರದಡಿ, ಕಸುಬು ಬಲ್ಲವರ ಕೈಯಲ್ಲಿ. ಆದರೆ ಇಪ್ಪತ್ತನೆಯ ಶತಮಾನದ ನಡುವಿನ ಇಂಗ್ಲೆಂಡಿನಲ್ಲಿ ಕಚೇರಿ ಗುಮಾಸ್ತರು, ಕಾರ್ಖಾನೆಯ ಕೆಲಸಗಾರರು, ಶಾಲಾ ಮೇಷ್ಟ್ರುಗಳು ಮನೆಯೊಳಗೇ ದೋಣಿ ಕಟ್ಟತೊಡಗಿದರು. ಯಾವ ದೋಣಿ ಕಟ್ಟುವುದು ಎಂಬ ಅವರ ಆಯ್ಕೆಯ ಹಿಂದೆ, ನೀರಿಗೆ ಇಳಿಯುವ ಹಕ್ಕು ಯಾರದು ಎಂಬ ಹಳೆಯ ಜಗಳವೊಂದಿದೆ.

ಮೊದಲು ಆಯ್ಕೆಯ ಕಷ್ಟವನ್ನು ನೋಡೋಣ. ಹುಟ್ಟು ಹಾಕುವ ದೋಣಿಗೂ ಹಾಯಿ ದೋಣಿಗೂ ಸ್ವಭಾವತಃ ಹೊಂದಾಣಿಕೆಯಿಲ್ಲ. ಸಾಧಾರಣ ಮನುಷ್ಯನೊಬ್ಬ ದಣಿಯದೆ ಗಂಟೆಗಟ್ಟಲೆ ಕೊಡಬಲ್ಲ ಶಕ್ತಿ ಸುಮಾರು 75 ವಾಟ್, ಅಂದರೆ ನಮ್ಮ ಮನೆಯ ಹಳೆಯ ಸೀಲಿಂಗ್ ಫ್ಯಾನ್ ತಿನ್ನುವಷ್ಟು. ಇಷ್ಟೇ ಶಕ್ತಿಯಲ್ಲಿ ಮುಂದೆ ಸಾಗಬೇಕಾದರೆ ದೋಣಿ ಉದ್ದವಾಗಿ, ಸಪೂರವಾಗಿ, ಹಗುರವಾಗಿರಬೇಕು. ಹಾಯಿಗೆ ಬೇಕಾದದ್ದು ಬೇರೆ. ಗಾಳಿ ಹಾಯಿಯನ್ನು ತಳ್ಳಿದಾಗ ದೋಣಿ ಮಗುಚದಿರಲು ಒಡಲು ಅಗಲವಾಗಿರಬೇಕು. ಪಕ್ಕಕ್ಕೆ ಜಾರದಿರಲು ತಳದ ಸೀಳಿನಿಂದ ನೀರಿಗೆ ಇಳಿಬಿಡುವ ಒಂದು ಹಲಗೆ ಬೇಕು. ಆ ಹಲಗೆಯ ಪೆಟ್ಟಿಗೆ ದೋಣಿಯ ಮಧ್ಯದ ಜಾಗವನ್ನು ನುಂಗುತ್ತದೆ. ಹಾಯಿಕಂಬವೂ ಹಗ್ಗಗಳೂ ಗಾಳಿಯಿಲ್ಲದ ದಿನ ಬರೀ ಹೊರೆ. ಸಾಲದ್ದಕ್ಕೆ ನೀರಿನ ನಿಯಮವೊಂದಿದೆ: ಉದ್ದವೇ ವೇಗ. 10 ಅಡಿಯ ದೋಣಿ ಗಂಟೆಗೆ ಸುಮಾರು 8 ಕಿಲೋಮೀಟರ್ ದಾಟಲು ಒದ್ದಾಡುತ್ತದೆ. 16 ಅಡಿಯದು 10ರವರೆಗೂ ಸಲೀಸಾಗಿ ಹೋಗಬಲ್ಲದು. ಎರಡೂ ಕೆಲಸಕ್ಕೆ ಬರುವ ಸಣ್ಣ ದೋಣಿ ಎಂದರೆ ಎರಡರಲ್ಲೂ ಒಂದಿಷ್ಟು ಸೋಲನ್ನು ಒಪ್ಪಿಕೊಂಡ ದೋಣಿ.

ಈ ಸೋಲನ್ನು ಒಪ್ಪಿಕೊಳ್ಳಬೇಕಾಗಿದ್ದವರು ಯಾರು? ಹಣವಿದ್ದವರು ಎರಡು ದೋಣಿ ಇಟ್ಟುಕೊಳ್ಳಬಹುದಿತ್ತು, ಕಟ್ಟಲು ಆಳುಗಳನ್ನೂ ಇಟ್ಟುಕೊಳ್ಳಬಹುದಿತ್ತು. ವಿಕ್ಟೋರಿಯಾ ಕಾಲದ ಇಂಗ್ಲೆಂಡಿನಲ್ಲಿ ನೀರಿನ ಮೇಲಿನ ಆಟ ಅಂಥವರದಾಗಿತ್ತು. 1882ರಲ್ಲಿ ಹುಟ್ಟಿದ ಅಮೆಚೂರ್ ರೋಯಿಂಗ್ ಅಸೋಸಿಯೇಷನ್ ‘ಹವ್ಯಾಸಿ’ ಎಂಬ ಪದಕ್ಕೆ ಕೊಟ್ಟ ಅರ್ಥವನ್ನು ಓದಿದಾಗ ಭಾರತದ ಓದುಗರಿಗೆ ಬೆಚ್ಚಿಬೀಳುವಂತಾಗುವುದಿಲ್ಲ, ಪರಿಚಯದ ವಾಸನೆ ಬಡಿಯುತ್ತದೆ. ಹಣಕ್ಕಾಗಿ ಸ್ಪರ್ಧಿಸುವವರನ್ನು ಮಾತ್ರ ಅದು ಹೊರಗಿಡಲಿಲ್ಲ. ಕೂಲಿಗಾಗಿ ಕೈಕೆಲಸ ಮಾಡುವ ಕುಶಲಕರ್ಮಿ, ಯಂತ್ರ ಕೆಲಸಗಾರ, ಕೂಲಿಯಾಳು ಯಾರೂ ಹವ್ಯಾಸಿಗಳಾಗಲಾರರು ಎಂದಿತು. ದೋಣಿಯನ್ನು ಕಟ್ಟುವ ಬಡಗಿ ಅದೇ ದೋಣಿಯಲ್ಲಿ ಕೂತು ದೊರೆಮಕ್ಕಳ ಎದುರು ಸ್ಪರ್ಧಿಸುವಂತಿಲ್ಲ! ಇದನ್ನು ಪ್ರತಿಭಟಿಸಿದವರಲ್ಲಿ ಸಾಹಿತ್ಯದ ವಿದ್ಯಾರ್ಥಿಗಳಿಗೆ ಗೊತ್ತಿರುವ ಒಂದು ಹೆಸರಿದೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಆರಂಭದ ಸಂಪಾದಕರಲ್ಲೊಬ್ಬರೂ ಚಾಸರ್ ಸೊಸೈಟಿಯ ಸ್ಥಾಪಕರೂ ಆದ ಎಫ್. ಜೆ. ಫರ್ನಿವಾಲ್. ದುಡಿಯುವವರಿಗೂ ಬಾಗಿಲು ತೆರೆದ ಪ್ರತ್ಯೇಕ ಸಂಘ 1890ರಲ್ಲಿ ಹುಟ್ಟಿದ್ದರ ಹಿಂದೆ ಅವರಿದ್ದರು. ಹಳೆಯ ಸಂಘ ಆ ನಿಯಮವನ್ನು ಕೈಬಿಟ್ಟದ್ದು 1937ರಲ್ಲಿ.

ಇದೇ ಹೊತ್ತಿನಲ್ಲಿ ‘ಹವ್ಯಾಸಿ’ ಎಂಬ ಪದಕ್ಕೆ ಇನ್ನೊಂದು ಅರ್ಥವೂ ಬೆಳೆಯುತ್ತಿತ್ತು: ತನ್ನ ಕೈಯಿಂದಲೇ ಮಾಡಿಕೊಳ್ಳುವವನು. 1880ರ ದಶಕದಲ್ಲಿ ಅಮೆರಿಕದ ಡಬ್ಲ್ಯೂ. ಪಿ. ಸ್ಟೀಫನ್ಸ್ ಹವ್ಯಾಸಿಗಳಿಗಾಗಿಯೇ ದೋಣಿ ಕಟ್ಟುವ ಕೈಪಿಡಿ ಬರೆದರು. 1931ರಲ್ಲಿ, ಆರ್ಥಿಕ ಮುಗ್ಗಟ್ಟಿನ ನಡುವೆ, ‘ದಿ ರಡ್ಡರ್’ ಪತ್ರಿಕೆಯಲ್ಲಿ ವಿಲಿಯಂ ಕ್ರಾಸ್ಬಿ ‘ಸ್ನೈಪ್’ ಎಂಬ ಹಾಯಿದೋಣಿಯ ನಕ್ಷೆ ಪ್ರಕಟಿಸಿದರು. ಮೊದಲ ಸ್ನೈಪ್ ಕಟ್ಟಿದ್ದು ಮಿಸಿಸಿಪಿಯ 14 ವರ್ಷದ ಹುಡುಗ, ಅಪ್ಪನ ಸಹಾಯದಿಂದ. ಆದರೂ ದೋಣಿ ಕಟ್ಟುವ ವಿದ್ಯೆ ಸುಲಭವಾಗಿರಲಿಲ್ಲ. ಬೆನ್ನೆಲುಬಿನಂಥ ತಳಮರ, ಪಕ್ಕೆಲುಬುಗಳು, ಒಂದೊಂದು ಹಲಗೆಯ ಅಂಚನ್ನೂ ಬೇರೆ ಬೇರೆ ಕೋನದಲ್ಲಿ ಕೆತ್ತುವ ನಾಜೂಕು, ಇವೆಲ್ಲ ಕೈಗೆ ಹತ್ತಲು ವರ್ಷಗಳೇ ಬೇಕು.

ಈ ಗೋಡೆಯನ್ನು ಸಡಿಲಿಸಿದ್ದು ಯುದ್ಧ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಮಾಸ್ಕಿಟೋ ವಿಮಾನ ಹಾರಿದ್ದು ಮರದ ಒಡಲಿನಲ್ಲಿ, ಪ್ಲೈವುಡ್ ಮತ್ತು ಹೊಸ ರಾಸಾಯನಿಕ ಅಂಟಿನ ಬಲದಲ್ಲಿ. ಯುದ್ಧ ಮುಗಿದ ಮೇಲೆ ಆ ಅಂಟೂ ನೀರು ತಾಳುವ ಪ್ಲೈವುಡ್ಡೂ ಸಾಮಾನ್ಯರ ಕೈಗೆ ಬಂದವು. 1947ರಲ್ಲಿ ಫ್ಲೋರಿಡಾದ ಕ್ಲಾರ್ಕ್ ಮಿಲ್ಸ್ ಮಕ್ಕಳಿಗಾಗಿ ‘ಆಪ್ಟಿಮಿಸ್ಟ್’ ದೋಣಿ ರೂಪಿಸಿದರು. ಅದರ ಉದ್ದ 7 ಅಡಿ 9 ಇಂಚು. ಅಂಗಡಿಯಲ್ಲಿ ಸಿಗುವ ಪ್ಲೈವುಡ್ ಹಾಳೆಯ ಉದ್ದ 8 ಅಡಿ! ಅದೇ ವರ್ಷ ಇಂಗ್ಲೆಂಡಿನಲ್ಲಿ ಜ್ಯಾಕ್ ಹೋಲ್ಟ್, ‘ಯಾಚಿಂಗ್ ವರ್ಲ್ಡ್’ ಪತ್ರಿಕೆಗಾಗಿ ಮನೆಯಲ್ಲೇ ಕಟ್ಟಬಹುದಾದ ‘ಕೆಡೆಟ್’ ದೋಣಿ ವಿನ್ಯಾಸ ಮಾಡಿದರು. ದೋಣಿಯ ಆಕಾರವನ್ನು ಈಗ ಅಲೆಯ ಜೊತೆ ಮರದಂಗಡಿಯೂ ನಿರ್ಧರಿಸತೊಡಗಿತ್ತು.

ಈ ಕಥೆಯ ತುದಿಯಲ್ಲಿ ಇರುವುದು ‘ಮಿರರ್’. ಬ್ಯಾರಿ ಬಕ್ನೆಲ್ ಎಂಬವರು ಆಗ ಬಿಬಿಸಿ ಟಿವಿಯಲ್ಲಿ ಮನೆಗೆಲಸದ ರಿಪೇರಿ ಕಲಿಸುವ ಜನಪ್ರಿಯ ವ್ಯಕ್ತಿ. 1962ರಲ್ಲಿ ಲಂಡನ್ನಿನ ಈಲಿಂಗ್‌ನ ಪಾಳುಮನೆಯೊಂದನ್ನು ವಾರವಾರವೂ ಕ್ಯಾಮೆರಾ ಎದುರು ದುರಸ್ತಿ ಮಾಡಿ ತೋರಿಸಿದ್ದರು. ಅವರು ಮಾಡಿದ ದೋಣಿಯ ಮಾದರಿಯನ್ನು ಹೋಲ್ಟ್ ತಿದ್ದಿದರು. ಪ್ರಾಯೋಜಿಸಿದ್ದು ‘ಡೈಲಿ ಮಿರರ್’, ದುಡಿಯುವ ವರ್ಗದ ಮನೆಗಳಲ್ಲಿ ಓದಿಸಿಕೊಳ್ಳುತ್ತಿದ್ದ ದಿನಪತ್ರಿಕೆ. 1964ರಲ್ಲಿ ಅದರ ಪ್ರಸಾರ 50 ಲಕ್ಷ ಮುಟ್ಟಿತು. 1963ರ ಜನವರಿಯಲ್ಲಿ ಲಂಡನ್ ದೋಣಿ ಪ್ರದರ್ಶನದಲ್ಲಿ ಕೆಂಪು ಹಾಯಿಯ ಈ ದೋಣಿ ಕಾಣಿಸಿಕೊಂಡಿತು. ಬಿಡಿಭಾಗಗಳ ಪೆಟ್ಟಿಗೆಯ ಬೆಲೆ 63 ಪೌಂಡ್ 11 ಶಿಲ್ಲಿಂಗ್. ಆ ಕಾಲದ ಕಾರ್ಖಾನೆ ಕೆಲಸಗಾರನಿಗೆ ಹೆಚ್ಚುಕಡಿಮೆ ಒಂದು ತಿಂಗಳ ಸಂಬಳ.

ಮಿರರ್ ದೋಣಿಯ ಅಂಗಾಂಗಗಳನ್ನು ಒಂದೊಂದಾಗಿ ನೋಡಿದರೆ ಅದರ ಹಿಂದಿನ ಮನೆ ಕಣ್ಣಿಗೆ ಕಟ್ಟುತ್ತದೆ. ಉದ್ದ 10 ಅಡಿ 10 ಇಂಚು, ಒಡಲಿನ ತೂಕ ಸುಮಾರು 45 ಕಿಲೋ: ಇಬ್ಬರು ಎತ್ತಿ ಸಣ್ಣ ಕಾರಿನ ತಲೆಯ ಮೇಲಿಡಬಹುದು. ಮುಂತುದಿ ಚೂಪಾಗಿಲ್ಲ, ಮೂಗು ಕತ್ತರಿಸಿದಂತೆ ಚಪ್ಪಟೆ. ನೋಡಲು ಅಷ್ಟೇನೂ ಚೆಂದವಿಲ್ಲ, ಆದರೆ ಇಷ್ಟು ಗಿಡ್ಡ ದೋಣಿಯಲ್ಲಿ ಒಳಗಿನ ಜಾಗವೂ ತೇಲುವ ಬಲವೂ ಅದರಿಂದಲೇ ಉಳಿಯುತ್ತದೆ. ಹಾಯಿಕಂಬವಂತೂ ಒಂದು ಜಾಣತನ. ಒಂದೇ ಎತ್ತರದ ಕಂಬದ ಬದಲು ಗಿಡ್ಡ ಕಂಬ, ಅದರ ಮೇಲೆ ಸರಿದು ನಿಲ್ಲುವ ಇನ್ನೊಂದು ಕೋಲು. ಬಿಚ್ಚಿದಾಗ ಎಲ್ಲವೂ ದೋಣಿಯ ಉದ್ದದೊಳಗೇ ಅಡಗುತ್ತವೆ. ಹುಟ್ಟು ಹಾಕಲು ಸಾಧ್ಯ. ಹಿಂದೆ ಪುಟ್ಟ ಮೋಟಾರು ಕಟ್ಟಲೂ ಸಾಧ್ಯ. ವೇಗದ ದೋಣಿಗಳ ಪಕ್ಕದಲ್ಲಿ ನಿಲ್ಲಿಸಿದರೆ ಯಾವುದರಲ್ಲೂ ಮೊದಲ ಸ್ಥಾನ ಸಿಗದು. ದೋಣಿಕೊಟ್ಟಿಗೆಯಿಲ್ಲದ, ಇಬ್ಬರು ಮಕ್ಕಳಿರುವ, ಭಾನುವಾರ ಮಾತ್ರ ಬಿಡುವಾಗುವ ಕುಟುಂಬಕ್ಕೆ ಅದಕ್ಕಿಂತ ಒಳ್ಳೆಯದು ಇರಲಿಲ್ಲ. ಇಂಥ ದೋಣಿಗಳು 70,000ಕ್ಕೂ ಹೆಚ್ಚು ತಯಾರಾದವು.

ಕಟ್ಟುವ ಕ್ರಮ ಇನ್ನೂ ಸ್ವಾರಸ್ಯದ್ದು. ಶಾಲಾ ಮೇಷ್ಟ್ರು ಕೆನ್ ಲಿಟಲ್‌ಡೈಕ್ ತಮ್ಮ ಕಯಾಕ್‌ಗಳಿಗಾಗಿ ರೂಪಿಸಿದ್ದ ವಿಧಾನ ಇಲ್ಲಿ ಬಳಕೆಯಾಯಿತು. ಪ್ಲೈವುಡ್ ಹಲಗೆಗಳ ಅಂಚಿನುದ್ದಕ್ಕೂ ತೂತು ಕೊರೆಯಬೇಕು. ತಾಮ್ರದ ತಂತಿಯಿಂದ ಒಂದಕ್ಕೊಂದು ಹೊಲಿಯಬೇಕು. ತಂತಿ ಬಿಗಿದಂತೆ ಚಪ್ಪಟೆ ಹಲಗೆಗಳು ತಾವಾಗಿಯೇ ಬಾಗಿ ದೋಣಿಯ ರೂಪ ತಾಳುತ್ತವೆ. ಒಳಗಿನ ಸಂದಿಗೆ ಫೈಬರ್ ಗ್ಲಾಸ್ ಪಟ್ಟಿ, ರಾಳ. ಒಣಗಿದ ಮೇಲೆ ಹೊರಗೆ ಕಾಣುವ ತಂತಿ ಕತ್ತರಿಸಿ, ಅಲ್ಲಿಗೂ ಪಟ್ಟಿ. ಆಚಾರಿಯ ಕಣ್ಣಿನಲ್ಲಿದ್ದ ಆಕಾರವೆಲ್ಲ ಈಗ ಹಲಗೆಯ ಅಂಚಿನ ಗೆರೆಗೆ ಇಳಿದಿತ್ತು. ಗೆರೆ ಸರಿಯಿದ್ದರೆ ದೋಣಿ ಸರಿ.

ಇದನ್ನು ಓದುತ್ತಿದ್ದಾಗ ನನ್ನ ಮನಸ್ಸು ಇಂಗ್ಲೆಂಡಿನಿಂದ ನಮ್ಮ ಕಡಲಿಗೆ ಮರಳಿತು. ಹೊಲಿದ ದೋಣಿ ನಮಗೆ ಹೊಸದೇ? ಶತಮಾನಗಳ ಕಾಲ ಅರಬ್ಬೀ ಸಮುದ್ರದ ಹಡಗುಗಳ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಹಾರ್ಮುಜ್‌ನಲ್ಲಿ ಅಂಥ ಹಡಗು ಕಂಡ ಮಾರ್ಕೊ ಪೋಲೋ ಮೂಗು ಮುರಿದ. ಇಬ್ನ್ ಬತೂತ ಅದರ ಗುಣ ಗುರುತಿಸಿದ: ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದದ್ದು ಬಳುಕಿ ತಾಳುತ್ತದೆ ಎಂದು. 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿದ ‘ಕೌಂಡಿನ್ಯ’ ಹಡಗು ಅಜಂತಾ ಚಿತ್ರವೊಂದನ್ನು ನೋಡಿ ಇದೇ ನಾರುಹೊಲಿಗೆಯಲ್ಲಿ ಕಟ್ಟಿದ್ದು. ಮಿರರ್ ನಮ್ಮಿಂದ ಕಲಿತದ್ದು ಎಂದು ನಾನು ಹೇಳುತ್ತಿಲ್ಲ. ಅಲ್ಲಿ ತಂತಿ ತಾತ್ಕಾಲಿಕ, ಬಲವೆಲ್ಲ ರಾಳದ್ದು. ಇಲ್ಲಿ ಹುರಿಯೇ ದೋಣಿಯ ಜೀವ. ದೊಡ್ಡ ವ್ಯತ್ಯಾಸ ಬೇರೆಯೇ ಇದೆ. ನಮ್ಮ ಹೊಲಿಗೆ ಕೆಲವು ಮನೆತನಗಳ ಕೈಯೊಳಗೆ ಉಳಿದ ವಿದ್ಯೆ. ಆ ಕೈಗಳು ಬೇರೆ ಕೆಲಸ ಹುಡುಕಿಕೊಂಡಂತೆ ವಿದ್ಯೆಯೂ ಕರಗಿತು. ಮಿರರ್‌ನ ಹೊಲಿಗೆ, ಸೂಚನೆಯ ಪುಸ್ತಕ ಓದಬಲ್ಲ ಯಾರದಾದರೂ ಆಗಬಹುದಿತ್ತು.

ಅದರ ಶಕ್ತಿಗೆ ಒಂದು ಸಾಕ್ಷಿ ಸಾಕು. 1997ರಲ್ಲಿ ಎ. ಜೆ. ಮ್ಯಾಕಿನ್ನನ್ ಎಂಬ ಮೇಷ್ಟ್ರು ‘ಜ್ಯಾಕ್ ಡಿ ಕ್ರೋ’ ಎಂಬ ಹೆಸರಿನ ಮಿರರ್ ದೋಣಿ ಹತ್ತಿ ಇಂಗ್ಲೆಂಡಿನ ಶ್ರಾಪ್‌ಶೈರ್‌ನಿಂದ ಹೊರಟರು. ನದಿ, ಕಾಲುವೆ, ಕಡಲ್ಗಾಲುವೆ ದಾಟಿ, ಗಾಳಿಯಿದ್ದಾಗ ಹಾಯಿ ಬಿಚ್ಚಿ, ಇಲ್ಲದಾಗ ಹುಟ್ಟು ಹಾಕುತ್ತ ಮರುವರ್ಷ ರುಮೇನಿಯಾದ ಸುಲಿನಾದಲ್ಲಿ ಕಪ್ಪುಸಮುದ್ರ ಮುಟ್ಟಿದರು. ಎರಡರಲ್ಲೂ ಸೋಲೊಪ್ಪಿದ ದೋಣಿ ಎಂದೆನಲ್ಲ, ಯಾವುದೋ ಒಂದರಲ್ಲಿ ಮಾತ್ರ ಗೆಲ್ಲುವ ದೋಣಿಗೆ ಈ ದಾರಿ ಸಾಧ್ಯವಿರಲಿಲ್ಲ.

ಹಾಗೆಂದು ಇದನ್ನು ನಕ್ಷೆಯೊಂದರ ಗೆಲುವೆಂದು ಬರೆದರೆ ತಪ್ಪಾಗುತ್ತದೆ. ಮಿರರ್‌ನ ಪೆಟ್ಟಿಗೆಯೊಳಗೆ ಬಾರದ ಹಲವು ಸಾಮಗ್ರಿಗಳು ಆ ಸಮಾಜದಲ್ಲಿದ್ದವು: ವಾರಕ್ಕೆ ಐದೇ ದಿನದ ದುಡಿಮೆ, ತಿಂಗಳ ಕೊನೆಗೆ ಒಂದಿಷ್ಟು ಉಳಿಯುವ ಸಂಬಳ, ಬೀಗ ಹಾಕಿಡಬಹುದಾದ ಒಂದು ಕೋಣೆ, ತೇಲಿಬಿಡಲು ಹತ್ತಿರದಲ್ಲೊಂದು ಕೆರೆಯೋ ನದಿಯೋ. 1882ರ ನಿಯಮ ಕಾಗದದಿಂದ ಅಳಿಸಿಹೋದರೂ, ಇವು ಬರುವವರೆಗೆ ದುಡಿಯುವವನಿಗೆ ನೀರು ದೂರವೇ ಇತ್ತು.

ಹೋದ ಸಲ ಊರಿಗೆ ಹೋದಾಗ ಆಚಾರಿಯವರಿಗೆ ಮಿರರ್‌ನ ನಕ್ಷೆ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಚಪ್ಪಟೆ ಮೂತಿಯನ್ನು ಬೆರಳಲ್ಲಿ ಸವರಿ, ‘ನಮ್ಮ ಅಳಿವೆಯ ತೆರೆಗೆ ಇದು ಆಗುದಿಲ್ಲ’ ಎಂದರು. ಮತ್ತೆ ಹಲಗೆಗಳ ಅಂಚಿನ ಗೆರೆಗಳನ್ನು ಒಂದೊಂದಾಗಿ ಹಿಂಬಾಲಿಸಿದರು. ‘ಲೆಕ್ಕ ಸರಿ ಉಂಟು. ಕಟ್ಟಲಿಕ್ಕೆ ಯಾರಿಗೂ ಬರ್ತದೆ’ ಎಂದರು. ಒಂದು ಗಳಿಗೆ ಬಿಟ್ಟು, ‘ಇಲ್ಲಿ ಯಾರಿಗೆ ಪುರುಸೊತ್ತುಂಟು?’ ಎಂದು ಕೇಳಿ ನಕ್ಷೆ ಮಡಚಿ ಕೊಟ್ಟರು. ಅವರ ಮೊದಲ ಪ್ರಶ್ನೆಗಳಿಗೆ ನಾನೀಗ ಹೇಗೋ ಉತ್ತರ ಕೊಡಬಲ್ಲೆ. ಈ ಕೊನೆಯದಕ್ಕೆ ಉತ್ತರ ನನ್ನ ಪ್ರಬಂಧದ ಮುಂದಿನ ಅಧ್ಯಾಯವಾಗಬೇಕಿದೆ.