ಹಿರಿಯರ ಆರೈಕೆ: ಆಶ್ರಮದಿಂದ ಮನೆಬಾಗಿಲಿಗೆ

ಕರ್ನಾಟಕದಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವುದು ಬಹುಕಾಲ ಯಾರ ವೃತ್ತಿಯೂ ಆಗಿರಲಿಲ್ಲ. ಅದು ಸೊಸೆಯ ಪಾಲಿನ ಕೆಲಸ, ಇಲ್ಲವೇ ಮಗಳದು. ಯಾರೂ ಇಲ್ಲದವರಿಗೆ ಮಠದ ದಾಸೋಹವಿತ್ತು, ಊರಿನ ಛತ್ರವಿತ್ತು. ವೈದ್ಯರು, ದಾದಿಯರು, ಸಮಾಜ ಕಾರ್ಯಕರ್ತರು ಮತ್ತು ಕಂದಾಯ ಅಧಿಕಾರಿಗಳು ಇದನ್ನು ಕಲಿತು ಮಾಡಬೇಕಾದ ಕೆಲಸವೆಂದು ಬಗೆದು ಕೈಹಾಕಿದ್ದು ಹೆಚ್ಚುಕಡಿಮೆ ಕಳೆದ ಮೂವತ್ತು ವರ್ಷಗಳಲ್ಲಿ. 2011ರ ಜನಗಣತಿಯಲ್ಲಿ ರಾಜ್ಯದ 60 ದಾಟಿದವರು ಸುಮಾರು 58 ಲಕ್ಷ, ಅಂದರೆ ಶೇ. 9.5. ದೇಶದ ಸರಾಸರಿ ಆಗ ಶೇ. 8.6 ಇತ್ತು.

ಈ ಅಂಕಿಗಳ ಅರ್ಥ ಕೊಡಿಗೇನಹಳ್ಳಿಯಂಥ ಕಡೆ ಬೇಗ ತಿಳಿಯುತ್ತದೆ. ಮಧುಗಿರಿ ತಾಲ್ಲೂಕಿನ ಈ ಹೋಬಳಿ ಆಂಧ್ರದ ಗಡಿಗೆ ಅಂಟಿಕೊಂಡಿದೆ. ಮಳೆ ನಂಬಿ ಕಡಲೆಕಾಯಿ ಬಿತ್ತುವ ಸೀಮೆ. ಮಳೆ ಕೈಕೊಟ್ಟ ವರ್ಷ ದುಡಿಯುವ ವಯಸ್ಸಿನವರು ಬೆಂಗಳೂರಿಗೋ ಹಿಂದೂಪುರಕ್ಕೋ ಹೊರಡುತ್ತಾರೆ. ಹಗಲು ಹೊತ್ತು ಜಗಲಿಯ ಮೇಲೆ ಉಳಿಯುವವರು ಅಜ್ಜಿ, ತಾತ ಮತ್ತು ಅವರ ಮಡಿಲಿಗೆ ಬಿಟ್ಟುಹೋದ ಮೊಮ್ಮಕ್ಕಳು. ಇಲ್ಲಿ ಆರೈಕೆಯ ಪ್ರಶ್ನೆ ಕಟ್ಟಡದ್ದಲ್ಲ. ಈ ಜಗಲಿಯವರೆಗೆ ಯಾರು ನಡೆದು ಬರುತ್ತಾರೆ ಎಂಬುದೇ ಪ್ರಶ್ನೆ.

ಚರಿತ್ರೆ ಶುರುವಾದದ್ದು ಮಾತ್ರ ಕಟ್ಟಡಗಳಿಂದಲೇ. ಫ್ರಾನ್ಸಿನಲ್ಲಿ 1839ರಲ್ಲಿ ಜಾನ್ ಜುಗಾನ್ ಆರಂಭಿಸಿದ ‘ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್’ ಸನ್ಯಾಸಿನಿಯರು 1900ರಲ್ಲಿ ಬೆಂಗಳೂರಿಗೆ ಬಂದರು. ಹೊಸೂರು ರಸ್ತೆಯಲ್ಲಿರುವ ಅವರ ಮನೆ ಇವತ್ತಿಗೂ ನಡೆಯುತ್ತಿದೆ. ಸಂಘ ಸಂಸ್ಥೆಗಳು ನಡೆಸುವ ವೃದ್ಧಾಶ್ರಮಗಳಿಗೆ ಕೇಂದ್ರ ಸರ್ಕಾರ 1992ರಿಂದ ಅನುದಾನ ಕೊಡತೊಡಗಿತು. ಅನ್ನ, ಸೂರು, ಮಾತ್ರೆ, ಈ ಮೂರನ್ನೂ ಆಶ್ರಮಗಳು ಶ್ರದ್ಧೆಯಿಂದಲೇ ಕೊಟ್ಟವು. ಆದರೂ ‘ವೃದ್ಧಾಶ್ರಮ’ ಎಂಬ ಮಾತಿಗೆ ಕನ್ನಡದಲ್ಲಿ ಒಂದು ಕಳಂಕ ಅಂಟಿಕೊಂಡೇ ಉಳಿಯಿತು. ಅಪ್ಪ ಅಮ್ಮನನ್ನು ಅಲ್ಲಿ ಬಿಟ್ಟವರು ಊರವರ ಬಾಯಿಗೆ ಬೀಳುತ್ತಾರೆ, ಅಲ್ಲಿ ಉಳಿದವರು ತಲೆ ತಗ್ಗಿಸುತ್ತಾರೆ. ಆ ಹಿರಿಯರಿಗೆ ಏನು ಬೇಕಿತ್ತು ಎಂದು ಕೇಳುವ ರೂಢಿ ಎರಡೂ ಕಡೆ ಇರಲಿಲ್ಲ.

ಕೇಳುವ ರೂಢಿ ಬೇರೆ ದೇಶಗಳಲ್ಲೂ ತಡವಾಗಿಯೇ ಬಂತು. 1991ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ನ್ಯೂ ಬರ್ಲಿನ್ ಎಂಬ ಸಣ್ಣ ಊರಿನ ಆರೈಕೆ ಮನೆಗೆ ವೈದ್ಯರಾಗಿ ಸೇರಿದ ಬಿಲ್ ಥಾಮಸ್, ಅಲ್ಲಿನ ಹಿರಿಯರನ್ನು ಕಾಯಿಲೆಗಿಂತ ಹೆಚ್ಚಾಗಿ ಒಂಟಿತನ, ಬೇಸರ, ಅಸಹಾಯಕತೆ ತಿನ್ನುತ್ತಿವೆ ಎಂದರು. ನಾಯಿ, ಬೆಕ್ಕು, ನೂರು ಗಿಳಿಗಳನ್ನು ತಂದು ಒಳಗೆ ಬಿಟ್ಟರು. ಯಾರಿಂದಲೋ ನೋಡಿಸಿಕೊಳ್ಳುತ್ತಿದ್ದವರಿಗೆ ತಾವೇ ನೋಡಿಕೊಳ್ಳಬೇಕಾದ ಒಂದು ಜೀವ ಸಿಕ್ಕಿತು. ಆರೈಕೆ ಮನೆಗಳ ಸಂಸ್ಕೃತಿಯನ್ನೇ ಬದಲಿಸಬೇಕೆಂಬ ಚಳವಳಿಗೆ ಅಲ್ಲಿಂದ ಬಲ ಬಂತು.

ಬೆಂಗಳೂರಿನಲ್ಲಿ ತಿರುವು ಬಂದದ್ದು ಬೇರೆ ದಾರಿಯಲ್ಲಿ. ಡಾ. ರಾಧಾ ಎಸ್. ಮೂರ್ತಿ ಮತ್ತು ಎಸ್. ಪ್ರೇಮಕುಮಾರ್ ರಾಜಾ 1996ರಲ್ಲಿ ಮನೆಗೇ ಹೋಗಿ ಚಿಕಿತ್ಸೆ ಕೊಡುವ ಸೇವೆ ಆರಂಭಿಸಿದರು. ಮನೆಮನೆ ಸುತ್ತುವವರಿಗೆ ಆಸ್ಪತ್ರೆಯ ಹಾಸಿಗೆಯಲ್ಲಿ ಕಾಣದ ಸಂಗತಿಗಳು ಕಾಣುತ್ತವೆ. ಬೀಗ ಹಾಕಿದ ಕೋಣೆ, ತಣ್ಣಗಾದ ತಟ್ಟೆ, ಮಗನ ಎದುರು ಬಾಯಿ ಬಿಡದ ತಾಯಿ. 1998ರಲ್ಲಿ ಇಬ್ಬರೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಕಟ್ಟಿದರು. 2002ರಲ್ಲಿ ನಗರ ಪೊಲೀಸರ ಜೊತೆ ಸೇರಿ 1090 ಸಂಖ್ಯೆಯ ಹಿರಿಯರ ಸಹಾಯವಾಣಿ ಶುರುವಾಯಿತು. ಮನೆಯೊಳಗಿನ ಕಿರುಕುಳ ಅಲ್ಲಿಯವರೆಗೆ ಮನೆಯ ಮಾತಾಗಿತ್ತು. ಈಗ ಅದಕ್ಕೊಂದು ದೂರಿನ ದಾರಿ ತೆರೆಯಿತು. ಹಗಲು ಹೊತ್ತು ಹಿರಿಯರು ಒಟ್ಟಿಗೆ ಕಳೆಯಲು ಪಾಲಿಕೆಯ ಜೊತೆಗೂಡಿ ‘ಸಂಧ್ಯಾ ಕಿರಣ’ ಕೇಂದ್ರ ನಡೆಸಿದರು. 2010ರಲ್ಲಿ ಕಸ್ತೂರಿನಗರದಲ್ಲಿ ಮರೆವಿನ ಕಾಯಿಲೆಯವರಿಗೇ ಮೀಸಲಾದ ಕೇಂದ್ರ ತೆರೆಯಿತು. ದೇಶಕ್ಕೆಲ್ಲ ಒಂದೇ ಆದ 14567 ‘ಎಲ್ಡರ್ ಲೈನ್’ ಬರುವ ಹೊತ್ತಿಗೆ 2021 ಆಗಿತ್ತು.

ಮರೆವಿನ ಕಾಯಿಲೆಯ ಬಗ್ಗೆ ತುಸು ನಿಂತು ಹೇಳಬೇಕು. ‘ಅರವತ್ತಕ್ಕೆ ಅರಳು ಮರಳು’ ಎಂಬ ನಮ್ಮ ಗಾದೆ ಒಂದು ರೋಗವನ್ನು ತಲೆಮಾರುಗಳ ಕಾಲ ಮುಚ್ಚಿಟ್ಟಿತು. ಉಂಡ ಮೇಲೂ ಊಟ ಹಾಕಲಿಲ್ಲ ಎಂದು ಅಜ್ಜಿ ಬೀದಿಯಲ್ಲಿ ಹೇಳಿದರೆ ಸೊಸೆಗೆ ಕೆಟ್ಟ ಹೆಸರು, ಅಜ್ಜಿಗೆ ಗದರಿಕೆ. ಅದು ಮಿದುಳಿನ ಕಾಯಿಲೆ ಎಂದು ಇಬ್ಬರಿಗೂ ಹೇಳುವವರು ಇರಲಿಲ್ಲ. 1992ರಲ್ಲಿ ಕೇರಳದಲ್ಲಿ ಡಾ. ಜೇಕಬ್ ರಾಯ್ ಸ್ಥಾಪಿಸಿದ ಅಲ್ಜೈಮರ್ಸ್ ಸಂಘದ ಬೆಂಗಳೂರು ಶಾಖೆ, ನಿಮ್ಹಾನ್ಸ್‌ನ ಮನೋವೈದ್ಯರು, ನೈಟಿಂಗೇಲ್ಸ್ ಬಳಗ, ಇವರೆಲ್ಲ ಆ ಗಾದೆಯ ವಿರುದ್ಧ ಕೆಲಸ ಮಾಡಿದರು. 2016ರಲ್ಲಿ ತೆರೆಕಂಡ, ಹೇಮಂತ್ ರಾವ್ ನಿರ್ದೇಶನದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ಅನಂತನಾಗ್ ಮರೆವಿನಿಂದ ಕಾಣೆಯಾದ ತಂದೆಯಾಗಿ ನಟಿಸಿದ ಮೇಲೆ ಅಲ್ಜೈಮರ್ಸ್ ಎಂಬ ಕಾಯಿಲೆಯ ಹೆಸರು ಮನೆಮಾತಾಯಿತು.

ಹಳ್ಳಿಯಲ್ಲಿ ಈ ಕಾಯಿಲೆಯನ್ನು ಅಳೆಯುವುದೇ ಒಂದು ಸವಾಲು. ಪಾಶ್ಚಾತ್ಯ ಪರೀಕ್ಷೆಗಳು ಒಂದು ವಾಕ್ಯ ಬರೆಯಿರಿ, ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎನ್ನುತ್ತವೆ. ಶಾಲೆಯ ಮೆಟ್ಟಿಲು ಹತ್ತದ ರೈತ ಮಹಿಳೆ ಅದರಲ್ಲಿ ಸೋತರೆ ಸೋತದ್ದು ನೆನಪೋ, ಅಕ್ಷರವೋ? ಹರಿಯಾಣದ ಬಲ್ಲಭಗಢದಲ್ಲಿ ಭಾರತ ಮತ್ತು ಅಮೆರಿಕದ ಸಂಶೋಧಕರು ಸೇರಿ 1990ರ ದಶಕದಲ್ಲಿ ಇದಕ್ಕೊಂದು ಪರಿಹಾರ ಕಂಡುಕೊಂಡರು. ಗಡಿಯಾರ ನೋಡಿ ಸಮಯ ಹೇಳುವ ಬದಲು, ಈಗ ಬೆಳಿಗ್ಗೆಯೋ ಮಧ್ಯಾಹ್ನವೋ ಸಂಜೆಯೋ ಎಂದು ಕೇಳಿದರು. ನಿಮ್ಮ ಊರು ಯಾವ ಅಂಚೆ ಕಚೇರಿಗೆ ಸೇರುತ್ತದೆ ಎಂದು ಕೇಳಿದರು. ಬದುಕಿನಲ್ಲಿ ಬಳಸಿದ್ದನ್ನೇ ಕೇಳುವ ಈ ನಡೆಯಲ್ಲಿ ದೊಡ್ಡ ಗೌರವವಿದೆ. ಕರ್ನಾಟಕದಲ್ಲಿ ಆ ಕೆಲಸವನ್ನು ಹಳ್ಳಿಗಳ ಮಟ್ಟದಲ್ಲಿ ಮುಂದುವರಿಸಿದ್ದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ. ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ನೇತೃತ್ವದಲ್ಲಿ 2018ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಶುರುವಾದ ಅಧ್ಯಯನದ ಗುರಿ 10,000 ಗ್ರಾಮೀಣರನ್ನು ವರ್ಷಗಳ ಕಾಲ ಹಿಂಬಾಲಿಸುವುದು. ಅಲ್ಲಿಯೂ ಕನ್ನಡ ತೆಲುಗು ಕಲಸಿ ಆಡುತ್ತಾರೆ, ಕೊಡಿಗೇನಹಳ್ಳಿಯ ಹಾಗೆಯೇ. ಪರೀಕ್ಷೆಗಳೂ ಎರಡೂ ನುಡಿಗಳಲ್ಲಿ ಸಿದ್ಧವಾದವು.

ಕಾನೂನು ಹಳ್ಳಿಯ ಹತ್ತಿರಕ್ಕೆ ಬಂದದ್ದು ಕಂದಾಯ ಇಲಾಖೆಯ ಮೂಲಕ. ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ 2007ರದು. ಕರ್ನಾಟಕದಲ್ಲಿ 2008ರ ಏಪ್ರಿಲ್ 1ರಿಂದ ಜಾರಿ, ನಿಯಮಗಳು 2009ರಲ್ಲಿ. ಇದರಡಿ ಉಪವಿಭಾಗಾಧಿಕಾರಿಯೇ (ಎ.ಸಿ.) ನ್ಯಾಯಮಂಡಳಿಯ ಅಧ್ಯಕ್ಷರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕುಗಳಿಗೆ ಮಧುಗಿರಿ ಎ.ಸಿ. ಕಚೇರಿಯೇ ಆ ಜಾಗ. ಹಿರಿಯರು ವಕೀಲರಿಲ್ಲದೆ ತಾವೇ ನಿಂತು ಹೇಳಿಕೊಳ್ಳಬಹುದು. ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ನೋಟಿಸ್ ತಲುಪಿದ 90 ದಿನಗಳಲ್ಲಿ ಇತ್ಯರ್ಥವಾಗಬೇಕು.

ಹಳ್ಳಿಯವರಿಗೆ ಹೆಚ್ಚು ಮುಖ್ಯವಾದದ್ದು 23ನೇ ಕಲಂ. ನೋಡಿಕೊಳ್ಳುತ್ತಾರೆಂದು ನಂಬಿ ಜಮೀನು ದಾನಪತ್ರ ಮಾಡಿಕೊಟ್ಟು, ಪಹಣಿಯಲ್ಲಿ ಹೆಸರು ಬದಲಾದ ಮೇಲೆ ಮೂಲೆಗುಂಪಾದವರು ಆ ಪತ್ರವನ್ನು ರದ್ದು ಮಾಡಿಸಬಹುದು. ಆರೈಕೆಯ ಷರತ್ತು ಇತ್ತೆಂದು ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರಿನಲ್ಲಿ ಹೇಳಿತು. 2025ರ ಜನವರಿಯ ಇನ್ನೊಂದು ತೀರ್ಪು, ಇದು ಹಿರಿಯರ ಹಿತಕ್ಕೆ ಮಾಡಿದ ಕಾಯ್ದೆಯಾದ್ದರಿಂದ ಉದಾರವಾಗಿ ಓದಬೇಕು ಎಂದಿತು. ಎರಡನ್ನೂ ಓದಿದವರು ಪತ್ರ ಬರೆಯುವಾಗಲೇ ‘ಕೊನೆಯವರೆಗೆ ನೋಡಿಕೊಳ್ಳತಕ್ಕದ್ದು’ ಎಂಬ ಸಾಲು ಸೇರಿಸುವುದು ಲೇಸು. ಪತ್ರ ಬರಹಗಾರರು ಈ ಸಾಲನ್ನು ನೆನಪಿಸಿದರೆ ಎಷ್ಟೋ ಮುದುಕರು ಬಸ್ಸು ಹತ್ತಿ ಮಧುಗಿರಿಗೆ ಅಲೆಯುವುದು ತಪ್ಪುತ್ತದೆ.

ಪಿಂಚಣಿಯ ಕಥೆಯೂ ಇದರ ಜೊತೆಗಿನದೇ. 2007ರಲ್ಲಿ ಬಂದ ಸಂಧ್ಯಾ ಸುರಕ್ಷಾ 65 ದಾಟಿದ ಬಡವರಿಗೆ ತಿಂಗಳಿಗೆ 400 ರೂಪಾಯಿ ಕೊಟ್ಟಿತು. ಈಗ ಅದು 1,200. ಅಂಚೆಯಣ್ಣ ಮನಿ ಆರ್ಡರ್ ತಂದು, ಹೆಬ್ಬೆಟ್ಟು ಒತ್ತಿಸಿಕೊಂಡು, ನೋಟು ಎಣಿಸಿ ಕೈಗಿಡುತ್ತಿದ್ದ ಕಾಲದಲ್ಲಿ ಎಷ್ಟೋ ಅಜ್ಜಿಯರಿಗೆ ತಿಂಗಳಿಗೊಮ್ಮೆ ಹೊರಗಿನಿಂದ ಬಂದು ‘ಹೆಂಗಿದೀಯವ್ವ’ ಎಂದು ಕೇಳುವವನು ಅವನೊಬ್ಬನೇ. ಹಣ ನೇರ ಬ್ಯಾಂಕ್ ಖಾತೆಗೆ ಹೋಗತೊಡಗಿದ ಮೇಲೆ ಸೋರಿಕೆಗೆ ಕಡಿವಾಣ ಬಿತ್ತು, ಆ ಭೇಟಿಯೂ ನಿಂತಿತು.

ಹಣದ ಜೊತೆಗೆ ಚಿಕಿತ್ಸೆಯೂ ಹತ್ತಿರ ಬೇಕು. ಪಾವಗಡದಲ್ಲಿ ಸ್ವಾಮಿ ಜಪಾನಂದರ ಶ್ರೀ ರಾಮಕೃಷ್ಣ ಸೇವಾಶ್ರಮ ಕುಷ್ಠ ಮತ್ತು ಕ್ಷಯ ರೋಗಿಗಳ ಸೇವೆಯ ಜೊತೆಗೆ ಶಾರದಾದೇವಿ ಕಣ್ಣಿನ ಆಸ್ಪತ್ರೆಯನ್ನೂ ನಡೆಸಿದೆ. ಈ ಬಿಸಿಲು ಸೀಮೆಯಲ್ಲಿ ಪೊರೆ ಬಂದ ಕಣ್ಣು ಎಂದರೆ ಹೊಲಕ್ಕೆ ಹೋಗದ, ಬಚ್ಚಲಿಗೂ ಇನ್ನೊಬ್ಬರ ಕೈ ಹಿಡಿಯಬೇಕಾದ ಬದುಕು. ಒಂದು ಸಣ್ಣ ಶಸ್ತ್ರಚಿಕಿತ್ಸೆ ಆ ಕೈಯನ್ನು ಬಿಡಿಸುತ್ತದೆ. ಮಂಡಿ ಮತ್ತು ಬೆನ್ನಿನ ವಿಷಯ ಅಷ್ಟು ಸುಲಭವಲ್ಲ. ಪಾವಗಡ, ಶಿರಾ, ಮಧುಗಿರಿಗಳ ಆಳದ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ದಶಕಗಳ ಕಾಲ ಅದನ್ನೇ ಕುಡಿದವರ ಕೀಲುಗಳು ಬಿಗಿಯುತ್ತವೆ, ಬೆನ್ನು ಬಾಗುತ್ತದೆ. ಊರೂರಿನ ಶುದ್ಧ ಕುಡಿಯುವ ನೀರಿನ ಘಟಕ ಮೊಮ್ಮಕ್ಕಳನ್ನು ಉಳಿಸಬಹುದು. ಬಾಗಿದ ಬೆನ್ನನ್ನು ನೆಟ್ಟಗೆ ಮಾಡಲಾರದು.

ಹಿರಿಯರ ಆರೋಗ್ಯಕ್ಕಾಗಿ 2010ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮವು ಜಿಲ್ಲಾ ಆಸ್ಪತ್ರೆಯಲ್ಲಿ 10 ಹಾಸಿಗೆಯ ವಾರ್ಡ್, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಂದು ಕ್ಲಿನಿಕ್ ಇರಬೇಕೆಂದಿತು. ರಾಜ್ಯ ಸರ್ಕಾರದ ‘ಗೃಹ ಆರೋಗ್ಯ’ 2024ರ ಅಕ್ಟೋಬರಿನಲ್ಲಿ ಕೋಲಾರದಿಂದ ಆರಂಭವಾಗಿ ಬಿಪಿ, ಸಕ್ಕರೆ ಕಾಯಿಲೆಗಳ ತಪಾಸಣೆಯನ್ನು ಮನೆಗೇ ತಂದಿತು. ಉಳ್ಳವರಿಗೆ ಕನಕಪುರ ರಸ್ತೆ, ವೈಟ್‌ಫೀಲ್ಡ್ ಕಡೆ ನಿವೃತ್ತರ ಬಡಾವಣೆಗಳು ಎದ್ದಿವೆ. ಬೆಂಗಳೂರಿನಲ್ಲಿ ಹೋಮ್ ನರ್ಸ್ ಒದಗಿಸುವ ಏಜೆನ್ಸಿಗಳಿವೆ. ಹಳ್ಳಿಯಲ್ಲಿ ಹೋಮ್ ನರ್ಸ್ ಎಂದರೆ ಈಗಲೂ ಸೊಸೆಯೇ, ಅವಳಿಗೆ ಕಲಿಸಿಕೊಟ್ಟವರು ವಿರಳ.

ಕಲಿಸುವ ಕೆಲಸದಲ್ಲಿ ಕರುಣಾಶ್ರಯದ ಹೆಸರು ಹೇಳಲೇಬೇಕು. 1994ರಲ್ಲಿ ಕಿಶೋರ್ ರಾವ್ ಮುಂತಾದವರು ಕಟ್ಟಿದ ಬೆಂಗಳೂರು ಹಾಸ್ಪಿಸ್ ಟ್ರಸ್ಟ್, ವಾಸಿಯಾಗದ ಕ್ಯಾನ್ಸರ್ ರೋಗಿಗಳ ಮನೆಗಳಿಗೆ ಮೊದಲು ದಾದಿಯರನ್ನು ಕಳಿಸಿತು. 1999ರಲ್ಲಿ ವರ್ತೂರು ರಸ್ತೆಯಲ್ಲಿ ಅದರ ಕರುಣಾಶ್ರಯ ಕಟ್ಟಡದ ಬಾಗಿಲು ತೆರೆಯಿತು. ರೋಗಿಗಳಿಂದ ಒಂದು ಪೈಸೆಯನ್ನೂ ಪಡೆಯುವುದಿಲ್ಲ. ಇಂಥ ಉಪಶಮನ ಆರೈಕೆಯ ದಾದಿ ಮನೆಗೆ ಬಂದರೆ ಮೊದಲು ಕೈ ಇಡುವುದು ರೋಗಿಯ ಬೆನ್ನಿನ ಕೆಳಭಾಗಕ್ಕೆ, ಹಿಮ್ಮಡಿಗೆ. ಚರ್ಮ ಕೆಂಪಾಗಿದೆಯೇ ನೋಡುತ್ತಾಳೆ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದು ಮನೆಯವರಿಗೆ ಹೇಳುತ್ತಾಳೆ. ಎಳೆದರೆ ಚರ್ಮ ಕಿತ್ತುಬರುತ್ತದೆ. ಹಾಗಾಗಿ ಹಳೇ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಮೈ ಕೆಳಗೆ ಹಾಸಿ, ಇಬ್ಬರು ಎರಡೂ ತುದಿ ಹಿಡಿದು ಒಟ್ಟಿಗೆ ಎತ್ತಿ ಹೊರಳಿಸುವುದನ್ನು ಮಾಡಿ ತೋರಿಸುತ್ತಾಳೆ. ಆಮೇಲೆ ಸೀರೆಯ ತುದಿಯನ್ನು ಸೊಸೆಯ ಕೈಗೆ ಕೊಟ್ಟು, ಅವಳಿಂದ ಒಂದು ಸಲ ಮಾಡಿಸುತ್ತಾಳೆ.