ಕೊಯಮತ್ತೂರು ಸೀಮೆಯಲ್ಲಿ ಕೂಡಿ ನುಡಿಸುವ ವಿದ್ಯೆ

ಬೆರಳೆಣಿಕೆಯ ವಾದಕರು ಒಂದೊಂದು ಭಾಗವನ್ನು ಒಬ್ಬೊಬ್ಬರಾಗಿ ವಹಿಸಿಕೊಂಡು, ನಿರ್ದೇಶಕನ ಕೈಸನ್ನೆಯಿಲ್ಲದೆ, ಒಬ್ಬರನ್ನೊಬ್ಬರು ಆಲಿಸುತ್ತಲೇ ನಡೆಸುವ ವಾದನಕ್ಕೆ ಪಾಶ್ಚಾತ್ಯರು ಚೇಂಬರ್ ಸಂಗೀತ ಎನ್ನುತ್ತಾರೆ. ದಕ್ಷಿಣ ಭಾರತದಲ್ಲಿ ಗಾಯನ, ಪಿಟೀಲು, ಮೃದಂಗಗಳು ಸೇರುವ ಕಚೇರಿಯೂ ನಾಗಸ್ವರ, ತವಿಲುಗಳ ಪೆರಿಯ ಮೇಳವೂ ಇದಕ್ಕೆ ಹತ್ತಿರದವು. 2009ರಲ್ಲಿ ತಿರುಪ್ಪೂರು ಬೇರೆ ಜಿಲ್ಲೆಯಾಗುವ ತನಕ ಬಹುಪಾಲು ಒಂದೇ ಆಡಳಿತದಲ್ಲಿದ್ದ ಕೊಯಮತ್ತೂರು ಸೀಮೆಯಲ್ಲಿ ಈ ವಿದ್ಯೆ ದೇವಾಲಯ, ಸಿನಿಮಾ ಸ್ಟುಡಿಯೋ, ಕಾಲೇಜು ಎಂಬ ಮೂರು ನೆಲೆಗಳಲ್ಲಿ ಬೆಳೆದಿದ್ದು, ಮೊದಲೆರಡರಲ್ಲಿ ಕೂಡಿ ನುಡಿಸುವುದೇ ಪಾಠದ ಆರಂಭವಾಗಿತ್ತೆಂಬುದು ಗಮನಿಸತಕ್ಕ ಸಂಗತಿ.

ನೊಯ್ಯಲ್ ನದಿಯ ಬಳಿಯ ಪೇರೂರಿನ ಪಟ್ಟೀಶ್ವರ, ಅವಿನಾಶಿಯ ಅವಿನಾಶಿಲಿಂಗೇಶ್ವರ ಮೊದಲಾದ ದೇವಾಲಯಗಳ ಪೂಜೆ, ರಥೋತ್ಸವಗಳಿಗೆ ಪೆರಿಯ ಮೇಳ ಅವಿಭಾಜ್ಯವಾಗಿತ್ತು. ಈ ಮೇಳದ ಪರಂಪರೆಯಲ್ಲಿ ಕಲಿಯಲು ಬಂದ ಹುಡುಗನ ಕೈಗೆ ಸಾಮಾನ್ಯವಾಗಿ ಮೊದಲು ಸಿಗುತ್ತಿದ್ದುದು ತಾಳ, ಇಲ್ಲವೆ ಒತ್ತು. ಒತ್ತು ಎಂದರೆ ನಾಗಸ್ವರದಂತೆಯೇ ಕಾಣುವ, ಆದರೆ ರಾಗ ನುಡಿಸಲು ಬೆರಳುರಂಧ್ರಗಳಿಲ್ಲದ, ಒಂದೇ ಶ್ರುತಿಯನ್ನು ಹಿಡಿದು ನಿಲ್ಲಿಸುವ ಕೊಳವೆ. ಕೆಳತುದಿಯ ಬಳಿಯ ರಂಧ್ರಗಳಿಗೆ ಮೇಣ ತುಂಬಿ ಅದರ ಶ್ರುತಿಯನ್ನು ಹೊಂದಿಸುತ್ತಿದ್ದರು. ಉಸಿರು ಕಡಿಯದಂತೆ ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು ಅದನ್ನು ಊದುತ್ತ ನಿಂತ ಬಾಲಕ, ಸ್ವತಃ ಒಂದು ರಾಗವನ್ನೂ ನುಡಿಸದೆಯೇ, ಗುರು ಆಲಾಪನೆಯನ್ನು ಎಲ್ಲಿ ಹಿಗ್ಗಿಸುತ್ತಾನೆ, ತವಿಲು ಎಲ್ಲಿ ಕಾದು ಎಲ್ಲಿ ಉತ್ತರ ಕೊಡುತ್ತದೆ ಎಂಬುದನ್ನು ಪಕ್ಕದಲ್ಲೇ ಕೇಳಿ ಅರಗಿಸಿಕೊಳ್ಳುತ್ತಿದ್ದನು. ಇದನ್ನು ಬರಿಯ ಊಳಿಗವೆಂದು ಕಾಣುವುದು ತಪ್ಪು. ಇಷ್ಟು ಸಮರ್ಥವಾದ ಶ್ರವಣಶಿಕ್ಷಣ ಬೇರೆಡೆ ಅಪರೂಪ.

1930ರ ದಶಕದಲ್ಲಿ ಕೊಯಮತ್ತೂರಿನಲ್ಲಿ ಸೆಂಟ್ರಲ್ ಸ್ಟುಡಿಯೋ, ಮುಂದಿನ ದಶಕದಲ್ಲಿ ಎಸ್.ಎಂ. ಶ್ರೀರಾಮುಲು ನಾಯ್ಡು ಅವರ ಪಕ್ಷಿರಾಜ ಸ್ಟುಡಿಯೋ ತಲೆಯೆತ್ತಿದಾಗ ಎರಡನೆಯ ನೆಲೆ ಸಿದ್ಧವಾಯಿತು. 1943ರ ‘ಶಿವಕವಿ’ ಚಿತ್ರಕ್ಕೆ ಪಾಪನಾಶಂ ಶಿವನ್ ಧಾಟಿಗಳನ್ನು ಕಟ್ಟಿದರೆ, ಅವುಗಳಿಗೆ ವಾದ್ಯಗಳನ್ನು ಹಂಚಿ ಹೊಂದಿಸಿದವರು ಜಿ. ರಾಮನಾಥನ್. ಧಾಟಿ ಕಟ್ಟುವುದು ಒಂದು ವಿದ್ಯೆ, ಅದನ್ನು ವೃಂದಕ್ಕೆ ಇಳಿಸುವುದು ಇನ್ನೊಂದು ಎಂಬ ಅರಿವು ಇಲ್ಲಿ ಸ್ಪಷ್ಟವಾಗುತ್ತದೆ. ಸಂಗೀತ ನಿರ್ದೇಶಕ ಎಸ್.ಎಂ. ಸುಬ್ಬಯ್ಯ ನಾಯ್ಡು ಅವರ ಕೈಕೆಳಗೆ ಸಹಾಯಕನಾಗಿ, ಹಾರ್ಮೋನಿಯಂ ಹಿಡಿದು, ವಾದಕರ ನಡುವೆಯೇ ಬೆಳೆದ ಎಂ.ಎಸ್. ವಿಶ್ವನಾಥನ್ ಮುಂದೆ ತಮಿಳು ಚಿತ್ರಸಂಗೀತದ ದೊಡ್ಡ ಹೆಸರಾದರು. ಕನ್ನಡಿಗರಿಗೂ ಈ ಸ್ಟುಡಿಯೋಗಳು ಪರಕೀಯವಲ್ಲ: 1954ರ ‘ಮಲೈಕ್ಕಳ್ಳನ್’ ಚಿತ್ರವನ್ನು ಶ್ರೀರಾಮುಲು ನಾಯ್ಡು ಅವರೇ 1957ರಲ್ಲಿ ‘ಬೆಟ್ಟದ ಕಳ್ಳ’ ಎಂದು ಕನ್ನಡಕ್ಕೆ ತಂದರು.

ಮೂರನೆಯ ನೆಲೆಯಾದ ಕಾಲೇಜು, ವಿಶ್ವವಿದ್ಯಾಲಯಗಳ ದಾರಿ ಬೇರೆಯಾಗಿತ್ತು. 1929ರಲ್ಲಿ ಚಿದಂಬರದ ಅಣ್ಣಾಮಲೈ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು; ಮದರಾಸು ವಿಶ್ವವಿದ್ಯಾಲಯದಲ್ಲಿ ಪಿ. ಸಾಂಬಮೂರ್ತಿ ಸಂಗೀತಶಾಸ್ತ್ರದ ಬೋಧನೆಗೆ ಅಡಿಪಾಯ ಹಾಕಿದರು; ಕೊಯಮತ್ತೂರಿನಲ್ಲಿಯೂ ಸರ್ಕಾರಿ ಸಂಗೀತ ಕಾಲೇಜು ಬಂದಿತು. ಜಾತಿ, ಮನೆತನಗಳ ಹಂಗಿಲ್ಲದೆ, ಹೆಣ್ಣುಮಕ್ಕಳಿಗೂ ವಿದ್ಯೆಯ ಬಾಗಿಲು ತೆರೆದದ್ದು ಇಂಥ ಸಂಸ್ಥೆಗಳ ನಿಜವಾದ ಹಿರಿಮೆ. ಆದರೆ ಗಾಯನ, ಪಿಟೀಲು, ಮೃದಂಗ ಎಂದು ವಿಷಯಗಳನ್ನು ವಿಂಗಡಿಸಿ, ಪರೀಕ್ಷೆಯಲ್ಲಿ ಒಬ್ಬೊಬ್ಬರನ್ನೇ ಅಳೆಯುವ ಕ್ರಮದಲ್ಲಿ, ಪಕ್ಕವಾದ್ಯದವನು ಗಾಯಕನ ಮುಂದಿನ ನಡೆಯನ್ನು ಊಹಿಸಿ ಹಿಂಬಾಲಿಸುವ ಸೂಕ್ಷ್ಮಕ್ಕೆ ಅಂಕವೇ ಉಳಿಯುವುದಿಲ್ಲ. ಅಂಕವಿಲ್ಲದ್ದನ್ನು ಅಭ್ಯಾಸ ಮಾಡಲು ವಿದ್ಯಾರ್ಥಿಗೆ ವೇಳೆಯೂ ಸಿಗುವುದಿಲ್ಲ.

ಆದುದರಿಂದ ಪಠ್ಯಕ್ರಮ ರೂಪಿಸುವವರು ಮೊದಲ ವರ್ಷದಿಂದಲೇ ಮೂರು ನಾಲ್ಕು ವಿದ್ಯಾರ್ಥಿಗಳ ಸ್ಥಿರ ತಂಡಗಳನ್ನು ರಚಿಸಿ, ವಾರಕ್ಕೊಮ್ಮೆ ಗುರುವಿನ ಸಮ್ಮುಖದಲ್ಲಿ ಕೂಡಿಸಿ, ಗಾಯಕನಿಗೆ ತಾಳ ಹಿಡಿಯುವ, ಮೃದಂಗದವನಿಗೆ ಕೃತಿಯ ಸಾಹಿತ್ಯವನ್ನು ಹಾಡುವ ಅಭ್ಯಾಸ ಮಾಡಿಸಿ, ಅಂತಿಮ ಪರೀಕ್ಷೆಯಲ್ಲಿ ಇಡೀ ತಂಡಕ್ಕೂ ಅಂಕ ನಿಗದಿಪಡಿಸಬೇಕು. ಪೇರೂರು, ಅವಿನಾಶಿಗಳ ಮೇಳದ ಹಿರಿಯರನ್ನು ಇದಕ್ಕೆ ಬೋಧಕರಾಗಿ ಕರೆಯಬೇಕು.